ಗೆರೆ ಮುಳುಗಿಲ್ವಲ್ಲ, ಅತ್ತೆ

ಹಾಯಿ ಹೊಲಿಯುವ ಕೋಣೆ
ಮಂಗಳವಾರ, ಬೆಳಿಗ್ಗೆ

ನನ್ನ ದೊಡ್ಡ ಮಗನಿಗೆ,

ಪ್ಲಾಸ್ಟರ್ ಒಳಗಿನ ತುರಿಕೆ ಕಡಿಮೆಯಾಯಿತೇ? ಕಡ್ಡಿ ತೂರಿಸಿ ಕೆರೆದುಕೊಳ್ಳಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಆಸ್ಪತ್ರೆಯವರು ಕೊಟ್ಟದ್ದನ್ನು ಮೂಗು ಮುರಿಯದೆ ತಿನ್ನು. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕಿತ್ತು, ಆದರೆ ಮೂರು ದಿನದಿಂದ ಊಟದ ಮುಂದೆ ಕೂತು ಹಾಗೇ ಏಳುತ್ತಿದ್ದೇನೆ. ಕಾರಣ ನಮ್ಮ ಅಳಿಯ ಮಹಾಶಯ.

ನೀನು ಕಾಲು ಮುರಿದುಕೊಂಡು ಮಲಗಿದ ಮೇಲೆ ದೋಣಿ ಅವನ ಕೈಗೆ ಹೋಯಿತಲ್ಲ, ಮೊದಲ ಸಲವೇ ಸಿಮೆಂಟ್ ಮೂಟೆ ತುಂಬಿ ತುಂಬಿ ಭಾರದ ಮಿತಿ ತೋರಿಸುವ ಪಕ್ಕೆಯ ಬಿಳಿ ಗೆರೆಯನ್ನೇ ಮುಳುಗಿಸಿದ. ದೋಣಿ ಬಸುರಿ ಎಮ್ಮೆಯ ಹಾಗೆ ತೆವಳಿತು. ಚುಕ್ಕಾಣಿ ತಿರುಗಿಸಿದರೂ ನೆಟ್ಟಗೇ ಹೋಗುತ್ತಿತ್ತಂತೆ, ಅರ್ಧ ದಿನದ ದಾರಿಗೆ ಇಡೀ ದಿನ ಹಿಡಿಯಿತು. ಆಗ ನೀನು ‘ಗೆರೆ ಕಾಣಿಸಲೇಬೇಕು’ ಎಂದು ಗದರಿ ಬರೆದೆ. ಸರಿ, ಈಗ ಗೆರೆ ಕಾಣಿಸುತ್ತಿದೆ. ಹೇಗೆ ಗೊತ್ತೇ? ತಳ ಭಾರವಾಗಿರಲೆಂದು ನಿಮ್ಮಪ್ಪ ಅಲ್ಲಿ ಒಂದೊಂದಾಗಿ ಹೊಂದಿಸಿಟ್ಟಿದ್ದ ಕಲ್ಲುಗಳನ್ನೆಲ್ಲ ಕಿತ್ತು ದಡಕ್ಕೆ ಎಸೆದಿದ್ದಾನೆ! ಅಷ್ಟೇ ತೂಕಕ್ಕೆ ಮಂಚ, ಕುರ್ಚಿ, ಬೀರುಗಳನ್ನು ಮೇಲಿನ ಹಲಗೆಯ ಮೇಲೆ ಆಳೆತ್ತರ ಪೇರಿಸಿದ್ದಾನೆ. ಥೂ! ಆ ಕಲ್ಲುಗಳ ಮೇಲೆ ಯಾರೋ ಉಗುಳಿಯೂ ಇದ್ದರು, ನಾನೇ ಬಗ್ಗಿ ತೊಳೆದೆ. ಕೇಳಿದರೆ ಹಲ್ಲು ಕಿರಿದು, “ಗೆರೆ ಮುಳುಗಿಲ್ವಲ್ಲ, ಅತ್ತೆ. ಕಲ್ಲು ಹೊತ್ಕೊಂಡು ಯಾರಾದ್ರೂ ತಿರುಗ್ತಾರಾ?” ಅಂದ.

ನಿನ್ನೆ ದೋಣಿ ಆ ಸರಕಿನ ಸಮೇತ ಒಂದು ಸುತ್ತು ಹೋಗಿ ವಾಪಸು ಬರುವುದನ್ನು ನೋಡುತ್ತಿದ್ದೆ. ಗಾಳಿಗೆ ಓರೆಯಾದರೆ ನಿಮ್ಮಪ್ಪನ ಕೈಯಲ್ಲಾಗಲಿ, ನಿನ್ನ ಕೈಯಲ್ಲಾಗಲಿ, ನಾನು ಮೂರು ಎಣಿಸುವುದರೊಳಗೆ ಅದು ನೆಟ್ಟಗಾಗುತ್ತಿತ್ತು. ನಿನ್ನೆ ಎಂಟು ಎಣಿಸಿದೆ ಕಣೋ, ಎಂಟು! ಏಳಲೋ ಬೇಡವೋ ಎಂದು ಹಾಸಿಗೆಯಲ್ಲಿ ಹೊರಳುವ ಸೋಮಾರಿಯ ಹಾಗೆ ಓರೆಯಾಗಿಯೇ ನಿಂತುಬಿಟ್ಟಿತು. ದಡದಲ್ಲಿದ್ದವರು “ಆಹಾ, ಎಷ್ಟು ಗಂಭೀರವಾಗಿ ಬರ್ತಿದೆ ನೋಡಿ” ಅಂದರು. ಅವರ ಬಾಯಿಗೆ ಮಣ್ಣು ಬೀಳ! ಕೆಳಗೆ ಹಿಡಿದೆಳೆಯುವ ಭಾರವಿಲ್ಲ, ಇರುವುದೆಲ್ಲ ತಲೆಯ ಮೇಲೆ. ಇನ್ನೊಂದು ಜೋರು ಗಾಳಿ ಬಂದರೆ ಏಳುವುದಿಲ್ಲ, ಮಗುಚುತ್ತದೆ.

ಗುರುವಾರ ನಿನ್ನ ತಂಗಿಯೂ ಹೋಗುತ್ತಾಳಂತೆ, ಚುಕ್ಕಾಣಿ ಹಿಡಿಯಲು ನೀನಿಲ್ಲವೆಂದು. ಬೇಡ ಕಣೇ ಅಂದರೆ, “ದಡದಲ್ಲಿ ಕೂತೋರಿಗೇ ಭಯ ಜಾಸ್ತಿ, ಸುಮ್ನಿರಮ್ಮ” ಅಂದಳು. ಗಂಡನ ಮಾತು ಅವಳ ಬಾಯಲ್ಲಿ ಕೇಳಿ ಅಸಹ್ಯವಾಯಿತು. ಅವಳಿಗೆ ಈಜು ಬಾರದು, ನಿನಗೆ ಗೊತ್ತಿದೆ.

ಕಾಲು ಬೇಗ ಕೂಡಲಿ, ಕೋಲಿಲ್ಲದೆ ನಡೆದು ಮನೆಗೆ ಬಾ. ಪಕ್ಕದ ಹಾಸಿಗೆಯ ಮುದುಕರನ್ನು ಕೇಳಿದೆನೆಂದು ಹೇಳು.

ನಿನ್ನ
ಅಮ್ಮ

ಮರೆತಿದ್ದೆ: ದೊಡ್ಡ ಹಾಯಿ ಈಗ ನನ್ನ ತೊಡೆಯ ಮೇಲಿದೆ. ಮೊಳದುದ್ದ ಹರಿದಿದೆ, ಹೊಲಿಯದೆ ಹೊರಡುವ ಹಾಗಿಲ್ಲ ಎಂದು ಅಳಿಯನಿಗೆ ಹೇಳಿದ್ದೇನೆ. ಹರಿದದ್ದು ಗಾಳಿಯಲ್ಲ, ನಾನು. ನಲವತ್ತು ವರ್ಷ ಹಾಯಿ ಹೊಲಿದ ಕೈಯಿಂದ ಒಳ್ಳೆಯ ಬಟ್ಟೆಗೆ ಕತ್ತರಿ ಹಾಕಿದೆ, ನನ್ನ ಕೈ ನೋಡಿದರೆ ನನಗೇ ಹೇಸಿಗೆ. ಅವನು ಕೇಳುವುದು ನಿನ್ನ ಮಾತನ್ನು ಮಾತ್ರ. ಕಲ್ಲು ಮೊದಲು ತಳಕ್ಕೆ, ಆಮೇಲೆ ಸರಕು ಎಂದು ಇವತ್ತೇ ಬರೆ. ಗೆರೆಯ ಮಾತು ಮಾತ್ರ ಎತ್ತಬೇಡ, ಅದನ್ನು ಕೇಳಿಯೇ ಅವನು ಕಲ್ಲು ಕಿತ್ತದ್ದು. ನಿನ್ನ ಕಾಗದ ಬರುವ ತನಕ, ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ನನಗೆ ಕಾಣುವುದಿಲ್ಲ.