ಮೂರನೇ ಬೇಸಿನಿಂದ ಬಂದ ಆ ಒಂದು ರನ್

ಕಾಟನ್‌ರಿಜ್, ಓಕ್ಲಹೋಮ
14 ಮೇ 2024, ಮಂಗಳವಾರ

ಮುದ್ದಿನ ಟ್ವೈಲಾ,

ಹೇಗಿದ್ದೀಯೆ? ಆಪರೇಷನ್ ಆದ ಮೇಲೆ ತಲೆ ಬಾಚಿಕೊಳ್ಳುವಷ್ಟಾದರೂ ಕೈ ಮೇಲೇಳುತ್ತಿದೆಯೇ? ಒರೆಗಾನ್‌ನ ಥಂಡಿಗೆ ಭುಜಕ್ಕೆ ಬಿಸಿನೀರಿನ ಚೀಲ ಇಡುವುದನ್ನು ಮರೆಯಬೇಡ. ನನ್ನ ಮಂಡಿಗಳ ಕಥೆ ಕೇಳಬೇಡ. ಕಾಲೇಜಿನಲ್ಲಿ ಮೂರು ವರ್ಷ ನಿನಗೆ ಕ್ಯಾಚರ್ ಆಗಿ, ನೀನೆಸೆದ ಬಾಲ್ ಹಿಡಿಯುತ್ತಾ ಕುಕ್ಕರಗಾಲಲ್ಲಿ ಕೂತದ್ದಕ್ಕೆ ಅವು ಈಗ ಸೇಡು ತೀರಿಸಿಕೊಳ್ಳುತ್ತಿವೆ.

ಈಗ ನನ್ನ ಸಿಟ್ಟಿನ ವಿಷಯ. ನಮ್ಮ ಕಾಲೇಜಿನ ಸಾಫ್ಟ್‌ಬಾಲ್ ಮೈದಾನದ ಗೋಡೆಯ ಮೇಲೆ ಬಾಲ್ ಎಸೆಯುವ ಒಬ್ಬಳೇ ಒಬ್ಬ ಪಿಚರ್‌ನ ಚಿತ್ರ ಬರೆಸುತ್ತಾರಂತೆ, ಇಷ್ಟೂ ವರ್ಷಗಳಲ್ಲಿ ಎಲ್ಲರಿಗಿಂತ ದೊಡ್ಡವಳದು. ಜೂನ್ ಮೊದಲ ಶನಿವಾರ ಸಮಾರಂಭ. ಸಮಿತಿಯ ಪಟ್ಟಿಯಲ್ಲಿ ಈ ವರ್ಷದ ಬ್ರಿನ್ಲಿ ಮೊದಲು, 1987ರ ನೀನು ಎರಡನೆಯವಳು. ಪಿಚರ್ ತಲೆಗೆ ಕಟ್ಟಿದ ರನ್ನುಗಳ ಸರಾಸರಿ ತೆಗೆದರಂತೆ. ಒಂದೇ ಒಂದು ರನ್ ಕಡಿಮೆಯಾಗಿದ್ದರೆ ನೀನೇ ಮುಂದೆ. ನಾನು ಸಮಿತಿಯ ಸಭೆಗೆ ನುಗ್ಗಿ ಜಗಳ ಆಡಿದೆ. ಒಬ್ಬ ಎಳೆಯ ಕೋಚ್ ನಗುತ್ತಾ, "ಆಗ ಪಿಚರ್‌ಗೂ ಬ್ಯಾಟಿಗೂ ನಲವತ್ತೇ ಅಡಿ ದೂರ ಇತ್ತಲ್ಲ ಆಂಟಿ, ಯಾರ್ ಎಸೆದ್ರೂ ಔಟೇ. ಈಗ ನಲವತ್ಮೂರು" ಅಂದ. ಸರಿ ಮಾರಾಯ, ಹಾಗಾದರೆ ಮಿಕ್ಕದ್ದನ್ನೂ ಅಳೆಯೋಣ ಎಂದೆ. ಬ್ರಿನ್ಲಿ ಒಂದು ಪಂದ್ಯ ಆಡಿ ಮರುದಿನ ಐಸ್ ಕಟ್ಟಿಕೊಂಡು ಕೂರುತ್ತಾಳೆ, ಅವಳ ಹಿಂದೆ ಇನ್ನಿಬ್ಬರು ಪಿಚರ್‌ಗಳಿದ್ದಾರೆ. ನೀನು ಒಂದೇ ದಿನ, ಅದೇ ಬೆವರಿನ ಅಂಗಿಯಲ್ಲಿ ಎರಡು ಪಂದ್ಯ ಎಸೆದವಳು. ಎಸೆಯುವಾಗ ಅವಳ ಎರಡು ಕಾಲೂ ನೆಲ ಬಿಡಬಹುದು, ಈ ವರ್ಷದಿಂದ ಅದಕ್ಕೆ ನಿಯಮದ ಒಪ್ಪಿಗೆಯಿದೆ. ನಿನ್ನ ಕಾಲು ಗೇಣು ಎದ್ದರೂ ಅಂಪೈರ್ ತಪ್ಪೆಂದು ಕೈ ಎತ್ತುತ್ತಿದ್ದ. ಯಾವ ಬಾಲ್ ಎಸೆಯಬೇಕೆಂದು ಅವಳಿಗೆ ಕೋಚ್ ಅಂಕಿ ಕೂಗುತ್ತಾನೆ, ಅವಳು ಮುಂಗೈ ಪಟ್ಟಿ ನೋಡಿಕೊಳ್ಳುತ್ತಾಳೆ. ನಿನಗೆ ಇದ್ದದ್ದು ನನ್ನ ಬೆರಳುಗಳ ಸನ್ನೆ ಮಾತ್ರ. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ, ಅವಳ ರೈಸ್ ಬಾಲ್ ಮೇಲಕ್ಕೆ ಏಳುವುದನ್ನು ನೋಡಲು ಎರಡು ಕಣ್ಣು ಸಾಲದು. ಆದರೆ ಮಾವಿಗೂ ಬೇವಿಗೂ ಒಂದೇ ತಕ್ಕಡಿ ಹಿಡಿಯುವ ಈ ಜನರನ್ನು ಕಂಡರೆ ಮೈ ಉರಿಯುತ್ತದೆ.

ಅಂದು ನಮ್ಮ ಪಂದ್ಯಗಳ ಸ್ಕೋರ್ ಬರೆಯುತ್ತಿದ್ದ ವೆಂಡೆಲ್ ಈಗ ಸಮಿತಿಯ ಹಿರಿಯ. ಎಂಬತ್ತೊಂದಾದರೂ ಹಠ ಹೋಗಿಲ್ಲ. ಹಳೆಯ ಪುಸ್ತಕ ತೆರೆದು ಫೈನಲ್ಲಿನ ಆ ಗೆರೆಯ ಮೇಲೆ ಬೆರಳಿಟ್ಟ. ಕೊನೆಯ ಇನ್ನಿಂಗ್ಸ್, ಎರಡೂ ಕಡೆ ಸೊನ್ನೆ, ಮೂರನೇ ಬೇಸಿನಲ್ಲಿ ಎದುರಾಳಿ ಹುಡುಗಿ, ಅಲ್ಲಿಂದ ನನ್ನವರೆಗೆ ಓಡಿ ಬಂದರೆ ರನ್. ಬಾಲ್ ನನ್ನನ್ನು ದಾಟಿ ಹಿಂದಕ್ಕೆ ಹೋಯಿತು, ಅವಳು ಓಡಿ ಬಂದಳು, ನಾವು ಸೋತೆವು. ಪಿಚರ್‌ನ ತಪ್ಪೆಸೆತ ಎಂದು ಬರೆದಿದೆ. "ಪುಸ್ತಕದಲ್ಲಿ ಹೇಗಿದ್ಯೋ ಹಾಗೇ, ಗ್ಲೆಂಡಾ" ಅಂದುಬಿಟ್ಟ. ಫೋನ್ ಮಾಡಿದರೆ ನೀನೋ, "ಬಿಡಕ್ಕಾ, ಯಾರ್ ಚಿತ್ರ ಬರೆದ್ರೆ ನಂಗೇನು" ಅನ್ನುತ್ತೀಯ. ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ನಿನ್ನ ಮೇಲೆ. ಮೂವತ್ತೇಳು ವರ್ಷ ಆ ಮೈದಾನದ ಗೇಟಿನ ಒಳಗೆ ಕಾಲಿಡದವಳಿಗೆ ಏನೂ ಅನ್ನಿಸುವುದಿಲ್ಲವೇ?

ನಿನ್ನ ಗಂಡನನ್ನು ಕೇಳಿದೆನೆಂದು ಹೇಳು. ದೇವರು ಆ ಭುಜವನ್ನು ಚೆನ್ನಾಗಿಟ್ಟಿರಲಿ.

ನಿನ್ನ ಸಿಡುಕಿ ಅಕ್ಕ,
ಗ್ಲೆಂಡಾ

ತಾ.ಕ. (ಬುಧವಾರ): ಟಪಾಲಿಗೆ ಹಾಕುವ ಮುಂಚೆ ಇಷ್ಟನ್ನು ಬರೆಯಲೇಬೇಕು. ಅಂದು ನಾನು ತೋರಿಸಿದ್ದು ಎರಡು ಬೆರಳು, ಡ್ರಾಪ್ ಬಾಲ್. ನೀನು ಎಸೆದದ್ದೂ ಅದೇ, ಕೆಳಕ್ಕೆ. ನನ್ನ ಸನ್ನೆಯನ್ನು ನಾನೇ ಮರೆತು ರೈಸ್ ಬಾಲಿಗೆಂದು ಗ್ಲೋವ್ ಮೇಲೆತ್ತಿದೆ. ಬಾಲ್ ಅದರ ಅಂಚಿಗೆ ತಾಗಿ ಹಿಂದೆ ಹೋಯಿತು. ಪಂದ್ಯ ಮುಗಿದಾಗ ವೆಂಡೆಲ್ ಬಂದು "ಗ್ಲೋವ್‌ಗೆ ತಾಗ್ತೇನಮ್ಮಾ?" ಎಂದು ಕೇಳಿದ. ಇಲ್ಲವೆಂದು ತಲೆ ಆಡಿಸಿದೆ. ಇವತ್ತು ಬೆಳಿಗ್ಗೆ ಹೋಗಿ ನಿಜ ಹೇಳಿದೆ. ಅವನು ಕನ್ನಡಕ ಒರೆಸಿಕೊಂಡು, ಆ ರನ್ನನ್ನು ನಿನ್ನ ತಲೆಯಿಂದ ಇಳಿಸಿ ನನ್ನ ತಲೆಗೆ ಕಟ್ಟಿದ. ಗೋಡೆಯ ಮೇಲೆ ಇನ್ನು ನೀನೇ. ಬರುವುದು ಬಿಡುವುದು ನಿನ್ನಿಷ್ಟ, ಆದರೆ ಒಂದಕ್ಕೆ ಉತ್ತರ ಬರೆ. ನನ್ನ ಎರಡು ಬೆರಳು ನಿನಗೆ ಕಂಡಿದ್ದವು, ತಪ್ಪು ನನ್ನದೆಂದು ನಿನಗೆ ಗೊತ್ತಿತ್ತು. ಅಪ್ಪ ಸಾಯುವ ತನಕ ಪ್ರತಿ ಹಬ್ಬದ ಊಟದಲ್ಲೂ "ಕೈಗೆ ಬಂದ ಕಪ್ಪನ್ನ ಮಣ್ಣಿಗೆ ಎಸೆದ್ಲು" ಎಂದು ನಿನ್ನನ್ನು ಹಂಗಿಸುತ್ತಿದ್ದರೆ, ಪಕ್ಕದಲ್ಲೇ ಕೂತು ನನ್ನ ತಟ್ಟೆಗೆ ಗ್ರೇವಿ ಬಡಿಸುತ್ತಿದ್ದೆಯಲ್ಲ, ಯಾಕೆ?