ನಾಲ್ಕನೇ ಲೈನು

ಇಂಡಿಯಾನಾಪೊಲಿಸ್
ಜುಲೈ 17, ಗುರುವಾರ

ಅಪ್ಪನಿಗೆ,
(ಕೋಚ್ ಬ್ರಿಕ್ನರ್ ಅವರಿಗೂ ಇದೇ ಪತ್ರ. ಎರಡು ಬರೆಯುವ ತಾಳ್ಮೆ ನನಗಿಲ್ಲ.)

ಈ ಬೆಳಿಗ್ಗೆ ಆರೂ ಕಾಲಿಗೆ ನಮ್ಮ ರೇಡಿಯೋ ಕೇಂದ್ರದ ಫೋನಿನ ನಾಲ್ಕನೇ ಲೈನಿನಲ್ಲಿ ಚಮಚದ ಸದ್ದು ಕೇಳಿತು. ಓಟ್ಸ್ ಗಂಜಿಯ ಬಟ್ಟಲಿನ ಅಂಚಿಗೆ ಎರಡು ಸಲ ತಟ್ಟಿ, ಕೊಂಚ ಬಿಟ್ಟು ಮತ್ತೊಂದು ಸಲ. ಹಾಗೆ ತಟ್ಟುವವರು ಇಡೀ ರಾಜ್ಯದಲ್ಲಿ ಒಬ್ಬರೇ. ಆದ್ದರಿಂದ, 'ಮನ್ಸಿ ಊರಿನ ಅರ್ನಿ'ಯವರೇ, ನಾಟಕ ಸಾಕು. ದನಿ ದಪ್ಪ ಮಾಡಿಕೊಂಡರೆ ಮಗಳಿಗೆ ಗೊತ್ತಾಗುವುದಿಲ್ಲವೆಂದು ಹನ್ನೊಂದು ವಾರ ನೀವು ನಂಬಿದಿರಿ. ಗೊತ್ತಾಗದವಳಂತೆ ನಾನೂ ಹನ್ನೊಂದು ವಾರ ನಟಿಸಿದೆ.

ನನ್ನ ಕೆಲಸವನ್ನು ನೀವು 'ಫೋನ್ ಎತ್ತೋದು' ಎನ್ನುತ್ತೀರಿ. ಹೌದು, ಎತ್ತುತ್ತೇನೆ. ಹೆಸರು, ಊರು, ಹೇಳಬೇಕೆಂದಿರುವುದು ಏನು ಎಂದು ಕೇಳಿ ಪರದೆಯ ಮೇಲೆ ಒಂದು ಸಾಲು ಬರೆಯುತ್ತೇನೆ. ಗಾಜಿನ ಆಚೆ ಕೂತು ಕ್ರೀಡಾ ಕಾರ್ಯಕ್ರಮ ನಡೆಸುವ ರಸ್ಟಿ ಆ ಸಾಲುಗಳನ್ನು ನೋಡಿ ತನಗೆ ಬೇಕಾದವರನ್ನು ರೇಡಿಯೋದಲ್ಲಿ ಮಾತಾಡಿಸುತ್ತಾನೆ. ನಾಲ್ಕು ವರ್ಷ ಸಾಹಿತ್ಯ ಓದಿದ್ದು ಇದಕ್ಕೆ ಎಂದು ನೀವು ನಗಬಹುದು. ಆದರೆ ಮನುಷ್ಯ ತಾನು ನೋಡದೇ ಇರುವುದರ ಬಗ್ಗೆ ಎಷ್ಟು ಗಟ್ಟಿಯಾಗಿ ಮಾತಾಡಬಲ್ಲ ಎಂಬುದನ್ನು ಯಾವ ತರಗತಿಯಲ್ಲೂ ನನಗೆ ಕಲಿಸಿರಲಿಲ್ಲ.

ಈ ಬೇಸಿಗೆಯ ಜಗಳವೆಲ್ಲ ಒಬ್ಬಳ ಸುತ್ತ. ಕಾಲೇಜು ಮುಗಿಸಿ ಈ ವರ್ಷವಷ್ಟೇ ನಮ್ಮೂರಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಬಂದ ಜಾನೆಲ್ ಪ್ರುಯಿಟ್‌ಗೆ ಆಡಲು ಎಷ್ಟು ನಿಮಿಷ ಕೊಡಬೇಕು? ಅವಳನ್ನು ಆಡಿಸದೆ ಬೆಂಚಿನಲ್ಲಿ ಕೂರಿಸಿ, ಮೂವತ್ತಾರು ವರ್ಷದ ಹಳೆಯ ಆಟಗಾರ್ತಿ ಹ್ಯಾಲೊರನ್‌ಳನ್ನು ತಂಡಕ್ಕೆ ಸೇರಿಸಿಕೊಳ್ಳಬೇಕೇ? ಜಗತ್ತಿನಲ್ಲಿ ಉಳಿದಿರುವ ಪ್ರಶ್ನೆ ಇದೊಂದೇ ಎಂಬಂತೆ ಬೆಳಿಗ್ಗೆ ಆರಕ್ಕೇ ಆರೂ ಲೈನುಗಳು ಮಿನುಗತೊಡಗುತ್ತವೆ. "ಹ್ಯಾಲೊರನ್ ಬಂದ್ರೆ ತಂಡ ಅಲ್ಲಪ್ಪ ರಸ್ಟಿ, ವೃದ್ಧಾಶ್ರಮ! ಬೆಂಚಿನ ಪಕ್ಕ ಊರುಗೋಲು ಇಡೋಕೆ ಜಾಗ ಮಾಡು!" ಎನ್ನುತ್ತಾನೆ ಒಬ್ಬ. ಇನ್ನೊಬ್ಬ, "ಆ ಹುಡುಗಿಗೆ ರಕ್ಷಣೆ ಅಂದ್ರೇನು ಅಂತಾನೇ ಗೊತ್ತಿಲ್ಲ. ನಮ್ಮಜ್ಜಿ ಬೇಕಾದ್ರೂ ಅವಳನ್ನ ದಾಟ್ಕೊಂಡು ಹೋಗ್ತಾಳೆ" ಎನ್ನುತ್ತಾನೆ. ಆಂಡರ್ಸನ್ ಊರಿನ ಹಲ್ಲಿನ ಡಾಕ್ಟರೊಬ್ಬರು ಸೋಮವಾರ ಅವಳನ್ನು ಕೂರಿಸಿ ಎಂದರು, ಬುಧವಾರ ಆಡಿಸಿ ಎಂದರು. ಎರಡು ದಿನವೂ ಶುರು ಮಾಡಿದ್ದು "ನಾನು ಮೊದಲಿಂದ್ಲೂ ಹೇಳ್ತಾನೇ ಇದೀನಿ" ಎಂದೇ.

ಆದರೂ ಅವರನ್ನು ಕ್ಷಮಿಸುತ್ತೇನೆ. ಯಾರ ಮಗಳನ್ನೂ ಅವರು ಕೂರಿಸಿದವರಲ್ಲ. ನೀವು ದಿನಾ ಹೇಳುವುದು ಒಂದೇ ಮಾತು: "ಬರ್ಕೊಳಮ್ಮ. ಹೊಸಬಳು ಕೂರ್ಲಿ. ಕೂತು ನೋಡಿ ಕಲೀಲಿ. ಅವಸರ ಏನು?"

ನನಗಾಗ ಹದಿನಾಲ್ಕು. ನೀವು ಶಾಲೆಯ ತಂಡದ ಕೋಚ್, ನಾನು ತಂಡದ ಹೊಸಬಳು. ಜಿಮ್ಮಿನೊಳಗೆ ನಿಮ್ಮನ್ನು ಅಪ್ಪ ಎಂದು ಕರೆಯಕೂಡದು ಎಂದಿದ್ದಿರಿ. ಮಗಳಿಗೆ ಪಕ್ಷಪಾತ ಮಾಡಿದರೆಂದು ಊರು ಆಡಿಕೊಳ್ಳಬಾರದಲ್ಲ! ಇಪ್ಪತ್ತೆರಡು ಪಂದ್ಯಗಳಲ್ಲಿ ನನಗೆ ಒಟ್ಟು ಒಂಬತ್ತು ನಿಮಿಷ ಸಿಕ್ಕಿತು. ಉಳಿದಂತೆ ಅಂಕದ ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು ಬರಿ ಎಂದಿರಿ. ಬರೆದೆ. ಕಲಿತದ್ದೂ ಉಂಟು: ಚಾವಣಿಯ ಮೂರನೇ ದೀಪ ಗುಂಯ್‌ಗುಟ್ಟುತ್ತದೆ, ನಮ್ಮ ತಂಡದ ಮಾರ್ಸಿ ಚೆಂಡು ಎಸೆಯುವ ಮುನ್ನ ಅಂಗಿಯ ಕೊರಳಪಟ್ಟಿ ಕಚ್ಚುತ್ತಾಳೆ, ನೀವು ಬೆಂಚಿನ ಈ ತುದಿಗೆ ತಿರುಗಿಯೂ ನೋಡುವುದಿಲ್ಲ. ಕೂತವರು ಕಲಿಯುವುದು ಕೂರುವುದನ್ನು, ಅಪ್ಪ. ಅದರಲ್ಲಿ ನಾನು ಎಷ್ಟು ಪಳಗಿದೆನೆಂದರೆ ಮರುವರ್ಷ ನೀವೇ ಕರೆದಾಗ ಏಳಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. ನಿಮ್ಮ ಸಾಲನ್ನು ನಾನು ಒಂದು ದಿನವೂ ಪರದೆಯ ಮೇಲೆ ಬರೆದಿಲ್ಲ. ಸರದಿ ಉದ್ದವಿದೆ, ಕಾಯಿರಿ ಎಂದು ಹೇಳಿ, ಹನ್ನೊಂದು ವಾರ ದಿನಕ್ಕೆ ಒಂದೂಮುಕ್ಕಾಲು ಗಂಟೆ ನಿಮ್ಮನ್ನು ಕೂರಿಸಿದೆ. ಬೆಂಚು ಹೇಗಿರುತ್ತದೆಂದು ಗೊತ್ತಾಗಲಿ ಎಂದೇ ಮಾಡಿದೆ, ಅದರಲ್ಲಿ ಸುಖವೂ ಪಟ್ಟೆ.

ಇವತ್ತು ಆ ಚಮಚದ ಸದ್ದು ಕೇಳಿದ ಮೇಲೆ ಯಾಕೋ ಕೇಳಿದೆ, ಒಳಗೆ ಕಳಿಸಲೇ ಎಂದು. ನೀವು ಗಾಬರಿಯಾದಿರಿ. "ಬೇಡ ಬೇಡ. ನಾನು ಕಾಯ್ತೀನಿ. ನೀನು ಆಗಾಗ ಬಂದು ಇನ್ನೂ ಇದೀರಾ ಅಂತ ಕೇಳ್ತೀಯಲ್ಲ, ಅಷ್ಟು ಸಾಕು" ಎಂದಿರಿ. ದನಿ ದಪ್ಪ ಮಾಡುವುದನ್ನೂ ಮರೆತಿದ್ದಿರಿ.

ಇಂಥ ಕಡೆ ಕಣ್ಣು ಒದ್ದೆಯಾಗಬೇಕೆಂದು ಪುಸ್ತಕಗಳು ಹೇಳುತ್ತವೆ. ನನಗೆ ಬಂದದ್ದು ಸಿಟ್ಟು. ಎದುರಿಗೆ ಬಂದು ಮಗಳೇ ಎನ್ನಲು ಆಗದ ಮನುಷ್ಯ, ಪಾಪ ಆ ಪ್ರುಯಿಟ್‌ಳನ್ನು ದಿನಾ ಬೆಂಚಿಗೆ ಕಳಿಸಿ ನನ್ನ ದನಿ ಕೇಳಬೇಕೇ?

ಆ ಸಿಟ್ಟಿನಲ್ಲೇ ಇದ್ದೆ. ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಮ್ಯಾನೇಜರ್ ಲೋರ್ನಾ ಬಂದರು. ನನ್ನ ಸಾಲುಗಳನ್ನು ಓದಿ ರಸ್ಟಿ ದಿನಾ ನಗುತ್ತಾನಂತೆ. ಶನಿವಾರದ ಅರ್ಧ ಗಂಟೆಯ ಕಾರ್ಯಕ್ರಮವನ್ನು ನೀನೇ ನಡೆಸು ಎಂದು ಅವರು ಕೇಳಿದ್ದು ಇದು ಮೂರನೇ ಸಲ. "ಇದೇ ಕೊನೆ, ಆಡ್ರಾ. ಸಂಜೆ ಐದರೊಳಗೆ ಹೇಳು. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ" ಎಂದರು. ಹಿಂದಿನ ಎರಡು ಸಲವೂ ನಾನು ಕೊಟ್ಟ ಉತ್ತರ ಬಾಯಿಗೆ ಬಂದೇಬಿಟ್ಟಿತ್ತು: "ಇನ್ನೊಂದು ವರ್ಷ ಕೂತು ನೋಡಿ ಕಲೀತೀನಿ. ಅವಸರ ಏನು?"

ಯಾರ ಮಾತು ಅದು, ಕೋಚ್? ನಿಮ್ಮನ್ನು ಬೈಯುತ್ತ ಬೈಯುತ್ತ, ನನ್ನನ್ನು ಕೂರಿಸುವ ಕೆಲಸವನ್ನು ನಿಮ್ಮಿಂದ ನಾನೇ ವಹಿಸಿಕೊಂಡಿದ್ದೆ. ಹಲ್ಲಿನ ಡಾಕ್ಟರನ್ನು ನೋಡಿ ನಗಲು ನನಗೇನು ಹಕ್ಕು?

ಈಗ ನಾಲ್ಕೂ ನಲವತ್ತು. ಲೋರ್ನಾ ಅವರ ಕೋಣೆಯ ಬಾಗಿಲು ತೆರೆದಿದೆ. ಈ ಪತ್ರವನ್ನು ಅಂಚೆಯ ತಟ್ಟೆಗೆ ಹಾಕಿ, ಒಳಗೆ ಹೋಗಿ, ಒಪ್ಪಿಕೊಂಡು ಬರುತ್ತೇನೆ. ಒಪ್ಪುವ ಮಾತನ್ನು ಎರಡು ಸಲ ಮೆಲ್ಲಗೆ ಹೇಳಿ ನೋಡಿಕೊಂಡೆ. ಅದು ನಿಮಗೆ ತಿಳಿಯಬೇಕಾದ ವಿಷಯವಲ್ಲ, ಆದರೂ ಬರೆದೆ.

ನಿಮ್ಮ ಬೆಂಚಿನ ಕೊನೆಯವಳು,
ಆಡ್ರಾ

ತಾ.ಕ.: ಇನ್ನು ಮುಂದೆ ನಾಲ್ಕನೇ ಲೈನಿನಲ್ಲಿ ಯಾರೂ ನಿಮ್ಮನ್ನು ಕಾಯಿಸುವುದಿಲ್ಲ, ಮನ್ಸಿಯ ಅರ್ನಿಯ ಕರೆಯನ್ನು ನಾನು ಎತ್ತುವುದಿಲ್ಲ. ಮಾಡುವುದಾದರೆ ಶನಿವಾರ ಒಂಬತ್ತಕ್ಕೆ, ನನ್ನ ಕಾರ್ಯಕ್ರಮಕ್ಕೆ ಮಾಡಿ. ನಿಮ್ಮ ನಿಜವಾದ ಊರು ಕೋಕೊಮೊ ಎನ್ನಿ, ಹೆಸರು ವೆಂಡೆಲ್ ಬ್ರಿಕ್ನರ್ ಎನ್ನಿ. ಎಲ್ಲರಿಗಿಂತ ಮೊದಲು ನಿಮ್ಮನ್ನೇ ಕರೆಯುತ್ತೇನೆ. ಬೇರೆಯವರಿಗೆ ನಲವತ್ತು ಸೆಕೆಂಡು. ನಿಮಗೆ ಒಂಬತ್ತು ನಿಮಿಷ.