ಕೈ ನಡುಗದಿರಲಿ

ಸೋಮವಾರ, ಮಾರ್ಚ್ ೧೮

ನನ್ನ ಚಿನಕುರುಳಿ ತಂಗಿಗೆ,

ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ. ಎರಡು ಕಾಗದ ಬರೆದರೂ ಉತ್ತರವಿಲ್ಲವೆಂದು ಮುನಿಸಿಕೊಂಡಿರುತ್ತೀಯ. ಮುನಿಸಿಕೋ, ತಪ್ಪು ನನ್ನದೇ. ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಭಾವನ ಗಂಟಲಿನ ಆಪರೇಷನ್ ಆದಮೇಲೆ ಕಾಗದ ಬರೆಯುವುದಿರಲಿ, ತಲೆ ಬಾಚಿಕೊಳ್ಳಲೂ ಪುರುಸೊತ್ತಿಲ್ಲ.

ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗಿ ಮೂರು ಬೀದಿ ಎಬ್ಬಿಸುತ್ತಿದ್ದ ಮನುಷ್ಯ ಈಗ ಕತ್ತಿನಲ್ಲಿ ಕೊಳವೆ ಹಾಕಿಸಿಕೊಂಡು ಕೂತಿದ್ದಾರೆ. ಅದರ ತೂತಿಗೆ ಬೆರಳಿಟ್ಟರೆ ಮಾತ್ರ ಪಿಸುಮಾತು ಹೊರಡುತ್ತದೆ. ಆ ಕೊಳವೆಯೊಳಗೆ ಇನ್ನೊಂದು ಸಣ್ಣ ಕೊಳವೆ. ಕಫ ಕಟ್ಟಿದಾಗ ಅದನ್ನು ಎಳೆದು, ತೊಳೆದು, ಮತ್ತೆ ಕೂರಿಸಬೇಕು. ತಡವಾದರೆ ಉಸಿರೇ ನಿಲ್ಲುತ್ತದೆ. ನನ್ನದು ಅಂಗಿ ಗುಂಡಿಗಳಿಗೆ ಕಾಜಾ ಹೊಲಿದು ಪಳಗಿದ ಕೈ, ಆದರೂ ಪ್ರತಿ ಸಲ ಜೀವ ಬಾಯಿಗೆ ಬರುತ್ತದೆ. "ಕರ್ತನೇ, ಕೈ ನಡುಗದಿರಲಿ" ಎನ್ನುತ್ತೇನೆ. ನನ್ನ ಪ್ರಾರ್ಥನೆ ಅಷ್ಟೇ, ಆಮೆನ್ ಹೇಳಲೂ ಸಮಯವಿರುವುದಿಲ್ಲ.

ಸಭೆಯ ಪ್ರಾರ್ಥನೆ ಗುಂಪಿಗೆ ಇಷ್ಟು ಚಿಕ್ಕದು ಸಾಲುತ್ತದೆಯೇ? ಅದರ ಯಜಮಾನಿ ನಿನಗೆ ಗೊತ್ತಲ್ಲ, ಸ್ತೋತ್ರಮ್ಮ. ಪಕ್ಕದವರು ಸೀನಿದರೂ "ಸ್ತೋತ್ರ" ಎನ್ನುವ ಹೆಂಗಸು. ಶನಿವಾರ ಹಿಂಡು ಕಟ್ಟಿಕೊಂಡು ಬಂದಳು.

"ವಾಸಿ ಮಾಡಪ್ಪಾ ಅಂತ ಇನ್ಮೇಲೆ ಬೇಡಬಾರದು ಸಿಸ್ಟರ್, ಅದು ಅಪನಂಬಿಕೆ. ವಾಸಿ ಆಗೋಯ್ತು ಅಂತ ವಂದನೆ ಹೇಳ್ಬೇಕು" ಎಂದಳು.

"ಹಾಗಾದ್ರೆ ಡಾಕ್ಟರಿಗೂ ಒಂದು ಮಾತು ತಿಳಿಸಿಬಿಡಿ. ಪಾಪ, ಅವರಿಗಿನ್ನೂ ಗೊತ್ತಾಗಿಲ್ಲ" ಎಂದೆ.

ಕೇಳಿಸಲಿಲ್ಲ. ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುವ ಕಿವಿ ಅವಳದು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ, ಮರುದಿನದ ಆರಾಧನೆಯಲ್ಲಿ ನಿನ್ನ ಭಾವ ಎದ್ದುನಿಂತು, ತಾವು ವಾಸಿಯಾದ ಬಗ್ಗೆ ಸಾಕ್ಷಿ ಹೇಳುತ್ತಾರೆಂದು ಎಲ್ಲರಿಗೂ ಸಾರಿಬಿಟ್ಟಳು.

ಬೇಡ ಎಂದರೆ ಕೇಳುವ ಆಸಾಮಿಯೇ ನಿನ್ನ ಭಾವ? ಹೋದರು. ವೇದಿಕೆ ಹತ್ತಿ, ಮೈಕಿನ ಮುಂದೆ ತೂತಿಗೆ ಬೆರಳಿಟ್ಟು ಬಾಯಿ ತೆರೆದರು. ಕಫ ಕಟ್ಟಿಕೊಂಡಿತು. ಮುಖ ಕಪ್ಪಿಟ್ಟಿತು, ಕೈಗಳೆರಡೂ ಮೇಲೆ ಹೋದವು. ಉಸಿರಿಗಾಗಿ ಒದ್ದಾಡುತ್ತಿದ್ದರು ಕಣೇ! ಆ ಮಹಾವಿಶ್ವಾಸಿಗಳು ಏನು ಮಾಡಿದರು ಗೊತ್ತೇ? ಇವರ ಮೇಲೆ ಪವಿತ್ರಾತ್ಮ ಇಳಿದಿದೆ ಎಂದುಕೊಂಡು, ತಾವೂ ಕೈಯೆತ್ತಿ, ಕಣ್ಣುಮುಚ್ಚಿ "ಹಲ್ಲೆಲೂಯ" ಎಂದು ಕಿರುಚಿದರು. ಪಾಸ್ಟರಂತೂ ಡ್ರಮ್ ಬಾರಿಸುವವನಿಗೆ ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದರು.

ಹಿಂದಿನ ಬೆಂಚಿನಿಂದ ಓಡಿದೆ. ಯಾರ್ಯಾರ ಕಾಲು ತುಳಿದೆನೋ, ತುಳಿದದ್ದು ಒಳ್ಳೆಯದೇ ಆಯಿತು. "ಕರ್ತನೇ, ಕೈ ನಡುಗದಿರಲಿ." ಒಳಗಿನ ಕೊಳವೆ ಹಿಡಿದು ಎಳೆದೆ. ಗೊರ್ರೆಂದು ಉಸಿರು ಬಂತು. ಕೈ ಒಂದು ಚೂರೂ ನಡುಗಲಿಲ್ಲ, ತಂಗಿ. ಆ ಬಲ ನನ್ನದಲ್ಲ, ಅದು ನನಗೆ ಗೊತ್ತು. ಅಷ್ಟು ಗದ್ದಲದಲ್ಲಿ ನನ್ನ ಮೂರು ಮಾತು ಆತನಿಗೆ ಹೇಗೆ ಕೇಳಿಸಿತೋ.

ಆಗ ಸ್ತೋತ್ರಮ್ಮ ಕಣ್ಣುಬಿಟ್ಟು, "ನೋಡಿದ್ರಾ, ನಮ್ಮ ಪ್ರಾರ್ಥನೆಗೆ ಉತ್ತರ!" ಎಂದಳು. ಮೈಯೆಲ್ಲ ಉರಿದುಹೋಯಿತು. ಕಫ ಮೆತ್ತಿದ ಕೊಳವೆಯನ್ನು ಅವಳ ಮುಂದೆ ಹಿಡಿದು "ತಗೊಳ್ಳಿ, ತೊಳ್ಕೊಂಡು ಬನ್ನಿ" ಎಂದೆ. ಸ್ತೋತ್ರ ಎನ್ನುವುದನ್ನೂ ಮರೆತು ಹಿಂದೆ ಸರಿದಳು.

ನಿನ್ನ ಭಾವ ಈಗ ಚೆನ್ನಾಗಿದ್ದಾರೆ, ಹಾಲು ಕುಡಿದು ಮಲಗಿದ್ದಾರೆ. ಮಕ್ಕಳಿಗೆ ನನ್ನ ಮುತ್ತು. ಕರ್ತನು ನಿಮ್ಮೆಲ್ಲರನ್ನೂ ಕಾಯಲಿ, ಸ್ತೋತ್ರಮ್ಮನಂಥವರಿಂದ ಇನ್ನೂ ಸ್ವಲ್ಪ ಹೆಚ್ಚಾಗಿ ಕಾಯಲಿ.

ನಿನ್ನ,
ಅಕ್ಕ

ತಾ.ಕ.: ನಿನ್ನ ಭಾವ ದಿನಾ ಸಂಜೆ ತೂತಿಗೆ ಬೆರಳಿಟ್ಟುಕೊಂಡು ಪ್ರಾರ್ಥಿಸುತ್ತಾರೆ. ಉಸಿರು ಸಾಲದಿದ್ದರೂ ಒಂದು ಹೆಸರನ್ನೂ ಬಿಡುವುದಿಲ್ಲ. ಪಾಸ್ಟರ್, ನರ್ಸಮ್ಮ, ನೀನು, ನಿನ್ನ ಮಕ್ಕಳು, ನಿನ್ನೆ ಆ ಸ್ತೋತ್ರಮ್ಮ ಕೂಡ. ಪಕ್ಕದಲ್ಲೇ ಕೊಳವೆ ತೊಳೆಯುತ್ತ ಕೇಳಿಸಿಕೊಳ್ಳುತ್ತೇನೆ. ನನ್ನ ಹೆಸರು ಬರುವುದೇ ಇಲ್ಲ. ನಿನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ. ನಕ್ಕರು. "ನಿಂಗ್ಯಾಕೆ? ನೀನು ಗಟ್ಟಿಗಿತ್ತಿ" ಎಂದರು. ಅದು ನನಗೆ ಹೊಗಳಿಕೆ ಎಂದೇ ಅವರು ತಿಳಿದಿದ್ದಾರೆ. ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ. ನೀನಾದರೂ ಇವತ್ತು ನನ್ನ ಹೆಸರು ಹೇಳಿ ಪ್ರಾರ್ಥನೆ ಮಾಡೇ. ಕಿರುಚಬೇಡ. ಮೆಲ್ಲಗೆ ಹೇಳಿದರೆ ಸಾಕು, ಆತನಿಗೆ ಕೇಳಿಸುತ್ತದೆ.